ರೆಕ್ಕೆ ಮೇಲಿನ ಐಸು, ರನ್‌ವೇ ಮೇಲಿನ ರಾಡಿ: ಕ್ಯಾಪ್ಟನ್ ಜೇಮ್ಸ್ ಥೇನ್ ಕಥೆ

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿತ್ತಲ್ಲ, ಅವತ್ತು ಸಂಜೆ ಕಾಫಿ ಹೊತ್ತಿಗೆ ನಮ್ಮ ಹಾಸ್ಟೆಲ್ ವಾಟ್ಸಾಪ್ ಗ್ರೂಪಿನಲ್ಲಿ ಕಾರಣಗಳೆಲ್ಲ ರೆಡಿ ಇದ್ದವು. ಒಬ್ಬನ ಪ್ರಕಾರ ಹಕ್ಕಿ ಬಡಿದಿತ್ತು. ಇನ್ನೊಬ್ಬ ಫ್ಲಾಪ್ ಇಳಿಸೋದು ಮರೆತಿದ್ದಾರೆ ಅಂತ ಬಾಣದ ಗುರುತು ಹಾಕಿ ಫೋಟೋ ಕಳಿಸಿದ. ಮತ್ತೊಬ್ಬನಿಗೆ ಪೈಲಟ್ ತಪ್ಪು ಅನ್ನೋದರಲ್ಲಿ ಅನುಮಾನವೇ ಇರಲಿಲ್ಲ. ಎಲ್ಲರ ಕೈಯಲ್ಲೂ ಇದ್ದದ್ದು ಕೆಲವೇ ಸೆಕೆಂಡಿನ ಒಂದು ಮಸುಕು ವಿಡಿಯೋ. ಸುಳ್ಳು ಯಾಕೆ ಹೇಳಲಿ, ನಾನೂ ಒಂದು ಥಿಯರಿ ಟೈಪ್ ಮಾಡಿದ್ದೆ. ಅದಕ್ಕೆ ಹನ್ನೆರಡು ಲೈಕ್ ಬಂದವು.

ಆಮೇಲೆ ಒಂದು ದಿನ ಕ್ಲಾಸಿನಲ್ಲಿ ಡ್ರ್ಯಾಗ್ ಫೋರ್ಸ್ ಪಾಠ ಮಾಡುವಾಗ ನಮ್ಮ ಮೇಷ್ಟ್ರು ಮ್ಯೂನಿಕ್ ವಿಮಾನ ದುರಂತದ ಹೆಸರು ಹೇಳಿ, ಹೋಗಿ ಓದ್ಕೊಳ್ಳಿ ಅಂದುಬಿಟ್ಟರು. ಫುಟ್‌ಬಾಲ್ ಹುಚ್ಚಿರುವವರಿಗೆ ಮ್ಯೂನಿಕ್ ಅಂದ ಕೂಡಲೇ ಮ್ಯಾಂಚೆಸ್ಟರ್ ಯುನೈಟೆಡ್ ನೆನಪಾಗುತ್ತೆ. ಸತ್ತ ಆಟಗಾರರ ಹೆಸರು ನಮ್ಮಲ್ಲಿ ಕೆಲವರಿಗೆ ಬಾಯಿಪಾಠ. ಆದರೆ ಆ ವಿಮಾನದ ಕ್ಯಾಪ್ಟನ್ ಯಾರು, ಬದುಕುಳಿದ ಮೇಲೆ ಅವರಿಗೆ ಏನಾಯ್ತು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರಲ್ಲ. ನನಗೂ ಗೊತ್ತಿರಲಿಲ್ಲ. ಓದಿದ ಮೇಲೆ ಗ್ರೂಪಿನಲ್ಲಿ ಹಾಕಿದ್ದ ನನ್ನ ಥಿಯರಿ ಹುಡುಕಿ ಡಿಲೀಟ್ ಮಾಡಿದೆ. ಯಾಕೆ ಅಂತ ತಿಳಿಯೋಕೆ ಈ ಕಥೆ ಓದಿ.

ಸಾರ್ಜೆಂಟ್ ದರ್ಜೆಯಿಂದ ಕ್ಯಾಪ್ಟನ್ ಸೀಟಿಗೆ

ಜೇಮ್ಸ್ ಥೇನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸೇರಿದವರು. ನೇರವಾಗಿ ಆಫೀಸರ್ ಆಗಿ ಬಂದವರಲ್ಲ. ಸಾರ್ಜೆಂಟ್ ದರ್ಜೆಯಲ್ಲಿ ದುಡಿದು, 1944ರಲ್ಲಿ ಕಮಿಷನ್ ಪಡೆದು, 1948ರಲ್ಲಿ ಫ್ಲೈಟ್ ಲೆಫ್ಟಿನೆಂಟ್ ಆದರು. ವಾಯುಪಡೆ ಬಿಟ್ಟ ಮೇಲೆ ಬ್ರಿಟಿಷ್ ಯುರೋಪಿಯನ್ ಏರ್‌ವೇಸ್, ಅಂದರೆ ಬಿ.ಇ.ಎ. ಕಂಪನಿಯಲ್ಲಿ ಪೈಲಟ್ ಆದರು. ಬರ್ಕ್‌ಶೈರ್‌ನಲ್ಲಿ ಒಂದು ಕೋಳಿ ಫಾರಂ ಇಟ್ಟುಕೊಂಡಿದ್ದರು. ನಮ್ಮ ಕಡೆ ಬ್ಯಾಂಕ್ ಕೆಲಸದ ಜೊತೆ ಊರಲ್ಲಿ ಅಡಿಕೆ ತೋಟ ನೋಡಿಕೊಳ್ಳುವವರು ಇರ್ತಾರಲ್ಲ, ಹಾಗೇ. ಅದೇ ಕೋಳಿ ಫಾರಂ ಮುಂದೆ ಅವರ ಜೀವನಾಧಾರ ಆಗುತ್ತೆ ಅಂತ ಯಾರೂ ಎಣಿಸಿರಲಿಲ್ಲ.

1958ರ ಫೆಬ್ರವರಿಯಲ್ಲಿ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಆಗ ಬಂದ ಡ್ಯೂಟಿ, ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಬೆಲ್‌ಗ್ರೇಡಿಗೆ ಕರೆದುಕೊಂಡು ಹೋಗಿ ವಾಪಸ್ ತರೋದು. ಯುರೋಪಿಯನ್ ಕಪ್ ಕ್ವಾರ್ಟರ್ ಫೈನಲ್‌ನ ಎರಡನೇ ಪಂದ್ಯ, ಎದುರಾಳಿ ರೆಡ್ ಸ್ಟಾರ್ ಬೆಲ್‌ಗ್ರೇಡ್. ಶನಿವಾರ ಇಂಗ್ಲೆಂಡಿನಲ್ಲಿ ಲೀಗ್ ಪಂದ್ಯ ಇದ್ದದ್ದರಿಂದ ಬೇಗ ವಾಪಸ್ ಬರಬೇಕಿತ್ತು. ಹಾಗಾಗಿ ಕ್ಲಬ್ಬಿನವರು ವಿಮಾನವನ್ನೇ ಬಾಡಿಗೆಗೆ ಹಿಡಿದಿದ್ದರು. ವಿಮಾನದ ಹೆಸರು ಏರ್‌ಸ್ಪೀಡ್ ಅಂಬಾಸಡರ್. ನಮ್ಮ ಅಂಬಾಸಡರ್ ಕಾರಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಎರಡು ಪಿಸ್ಟನ್ ಎಂಜಿನ್‌ಗಳ, ಮೂತಿಯ ಕೆಳಗೆ ಚಕ್ರ ಇರುವ ಪ್ರಯಾಣಿಕರ ವಿಮಾನ.

ಥೇನ್ ಜೊತೆ ಇದ್ದ ಇನ್ನೊಬ್ಬ ಪೈಲಟ್ ಕೆನೆತ್ ರೇಮೆಂಟ್. ಅವರೂ ಕ್ಯಾಪ್ಟನ್ ದರ್ಜೆಯವರೇ, ಯುದ್ಧದಲ್ಲಿ ಶತ್ರು ವಿಮಾನಗಳನ್ನು ಹೊಡೆದುರುಳಿಸಿ ಶೌರ್ಯ ಪದಕ ಪಡೆದವರು. ಹೋಗುವಾಗ ಥೇನ್ ಓಡಿಸಿದರು. ಬರುವಾಗ ರೇಮೆಂಟ್ ಓಡಿಸೋದು ಅಂತ ಮಾತಾಗಿತ್ತು. ಹಾಗಾಗಿ ವಾಪಸ್ ಬರುವಾಗ ರೇಮೆಂಟ್ ಎಡಗಡೆ ಸೀಟಿನಲ್ಲಿ, ಥೇನ್ ಬಲಗಡೆ ಸೀಟಿನಲ್ಲಿ ಕೂತರು. ಆದರೂ ವಿಮಾನದ ಜವಾಬ್ದಾರಿ ಹೊತ್ತ ಕ್ಯಾಪ್ಟನ್ ಥೇನ್ ಅವರೇ. ಈ ಸೀಟಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಮ್ಯೂನಿಕ್, 6 ಫೆಬ್ರವರಿ 1958

ಹಿಂದಿನ ದಿನ ಬೆಲ್‌ಗ್ರೇಡಿನಲ್ಲಿ ಪಂದ್ಯ 3-3 ಡ್ರಾ ಆಗಿ, ಎರಡೂ ಪಂದ್ಯ ಸೇರಿಸಿ 5-4ರಲ್ಲಿ ಗೆದ್ದ ಖುಷಿಯಲ್ಲಿ ತಂಡ ಹೊರಟಿತ್ತು. ಪೆಟ್ರೋಲ್ ತುಂಬಿಸಿಕೊಳ್ಳೋಕೆ ಮ್ಯೂನಿಕ್‌ನ ರೀಮ್ ನಿಲ್ದಾಣದಲ್ಲಿ ಇಳಿದರು. ಹಿಮ ಬೀಳ್ತಾ ಇತ್ತು. ಕೆಳಗೆ ಬಿದ್ದದ್ದು ಪೂರ್ತಿ ಗಟ್ಟಿಯಾಗದೆ, ಪೂರ್ತಿ ಕರಗದೆ ರಾಡಿ ಆಗಿತ್ತು. ಇಂಗ್ಲಿಷಿನವರು ಇದಕ್ಕೆ ಸ್ಲಷ್ ಅಂತಾರೆ. ಐಸ್ ಗೋಲಾ ತಿಂದು ಮುಗಿಯುವ ಹೊತ್ತಿಗೆ ಕಪ್ಪಿನ ತಳದಲ್ಲಿ ಅರ್ಧ ನೀರು ಅರ್ಧ ಐಸು ಉಳಿದಿರುತ್ತಲ್ಲ, ಅದನ್ನೇ ಎರಡು ಕಿಲೋಮೀಟರ್ ಉದ್ದಕ್ಕೆ ಸುರಿದಂತೆ ಊಹಿಸಿಕೊಳ್ಳಿ.

ಥೇನ್ ಮತ್ತು ರೇಮೆಂಟ್ ಇಬ್ಬರೂ ರೆಕ್ಕೆಗಳನ್ನು ನೋಡಿದರು. ಮೇಲೆ ಬಿದ್ದ ಹಿಮ ಕರಗಿ ನೀರಾಗಿ ಹರೀತಾ ಇದ್ದದ್ದು ಕಂಡಿತು. ಐಸ್ ತೆಗೆಸುವ ಅಗತ್ಯ ಇಲ್ಲ ಅಂತ ತೀರ್ಮಾನಿಸಿದರು.

ಮೊದಲ ಟೇಕಾಫ್ ಯತ್ನ ಅರ್ಧಕ್ಕೇ ನಿಂತಿತು. ಎಂಜಿನ್ನಿನ ಬೂಸ್ಟ್ ಒತ್ತಡ ಏರಿಳಿಯುತ್ತಿತ್ತು. ಇಂಧನ ಮಿಶ್ರಣ ಹೆಚ್ಚು ದಟ್ಟವಾದಾಗ ಈ ಎಂಜಿನ್‌ಗಳಲ್ಲಿ ಹಾಗಾಗುವುದುಂಟು, ಸಮುದ್ರಮಟ್ಟದಿಂದ ಎತ್ತರದಲ್ಲಿರುವ ನಿಲ್ದಾಣಗಳಲ್ಲಿ ಇನ್ನೂ ಜಾಸ್ತಿ. ಎರಡನೇ ಯತ್ನವೂ ಅದೇ ಕಾರಣಕ್ಕೆ ನಿಂತಿತು. ಪ್ರಯಾಣಿಕರನ್ನು ಇಳಿಸಿ ಟರ್ಮಿನಲ್‌ಗೆ ಕಳಿಸಿದರು. ರಾತ್ರಿ ಅಲ್ಲೇ ಉಳಿದು ಎಂಜಿನ್ ಸರಿ ಮಾಡಿಸಬಹುದು ಅನ್ನುವ ದಾರಿಯೂ ಇತ್ತು. ಆದರೆ ಥ್ರಾಟಲ್ ಇನ್ನೂ ನಿಧಾನವಾಗಿ ತೆರೆದರೆ ಈ ತೊಂದರೆ ಬರಲ್ಲ ಅಂತ ಪೈಲಟ್‌ಗಳಿಗೆ ಅನುಭವದಿಂದ ಗೊತ್ತಿತ್ತು. ಹಾಗೆ ಮಾಡಿದರೆ ಬೇಕಾದ ವೇಗ ಬರೋಕೆ ರನ್‌ವೇಯಲ್ಲಿ ಇನ್ನಷ್ಟು ದೂರ ಓಡಬೇಕು. ರನ್‌ವೇ ಉದ್ದ 1,908 ಮೀಟರ್. ಒಣಗಿದ ರನ್‌ವೇ ಆಗಿದ್ದರೆ ಧಾರಾಳ ಸಾಕು. ಕಾಲು ಗಂಟೆಯೊಳಗೆ ಎಲ್ಲರನ್ನೂ ಮತ್ತೆ ಹತ್ತಿಸಿದರು.

ಮೂರನೇ ಓಟ. ರೇಮೆಂಟ್ ವಿಮಾನ ನಡೆಸುತ್ತಿದ್ದಾರೆ, ಥೇನ್ ಮೀಟರ್ ನೋಡಿ ವೇಗ ಕೂಗುತ್ತಿದ್ದಾರೆ. ಇಲ್ಲಿ ಎರಡು ಸಂಖ್ಯೆ ಮುಖ್ಯ. ವಿ-ಒನ್ ಅಂದರೆ ಅದನ್ನು ದಾಟಿದ ಮೇಲೆ ಉಳಿದ ರನ್‌ವೇಯಲ್ಲಿ ನಿಲ್ಲಿಸೋಕೆ ಆಗಲ್ಲ, ಹಾರಲೇಬೇಕು ಅನ್ನುವ ವೇಗ. ಅವತ್ತು ಅದು 117 ನಾಟ್. ವಿ-ಟೂ ಅಂದರೆ ಸುರಕ್ಷಿತವಾಗಿ ಮೇಲೇರಲು ಬೇಕಾದ ವೇಗ. ಅದು 119 ನಾಟ್. ಥೇನ್ 117 ಕೂಗಿದರು. ಇನ್ನು ಎರಡೇ ನಾಟ್ ಬೇಕು. ಅಷ್ಟರಲ್ಲಿ ಮುಳ್ಳು ಹಿಂದಕ್ಕೆ ಬಿತ್ತು. 112 ಆಯ್ತು, ಆಮೇಲೆ 105. ಎಂಜಿನ್‌ಗಳು ಪೂರ್ತಿ ಶಕ್ತಿಯಲ್ಲಿ ಓಡ್ತಾ ಇವೆ, ಬ್ರೇಕ್ ಹಾಕಿಲ್ಲ, ಆದರೂ ವೇಗ ಇಳೀತಾ ಇದೆ.

ರನ್‌ವೇ ಮುಗಿಯಿತು. ವಿಮಾನ ಬೇಲಿ ಮುರಿದು, ರಸ್ತೆ ದಾಟಿ, ಒಂದು ಮನೆಗೆ ಬಡಿಯಿತು. ಎಡ ರೆಕ್ಕೆ ಕಿತ್ತುಹೋಯಿತು. ಹಿಂಭಾಗ ಒಂದು ಮರದ ಶೆಡ್ಡಿಗೆ ಗುದ್ದಿತು, ಅದರೊಳಗೆ ಇಂಧನ, ಟೈರು ತುಂಬಿದ ಲಾರಿ ಇತ್ತು. ಅದು ಸಿಡಿಯಿತು. ವಿಮಾನದಲ್ಲಿದ್ದ 44 ಜನರಲ್ಲಿ 23 ಮಂದಿ ತೀರಿಕೊಂಡರು. ಅವರಲ್ಲಿ ಎಂಟು ಮಂದಿ ಯುನೈಟೆಡ್ ಆಟಗಾರರು. 21 ವರ್ಷದ ಡಂಕನ್ ಎಡ್ವರ್ಡ್ಸ್ ಆಸ್ಪತ್ರೆಯಲ್ಲಿ ಹದಿನೈದು ದಿನ ಒದ್ದಾಡಿ ಹೋದರು. ಕೆಲವು ವಾರಗಳ ನಂತರ ರೇಮೆಂಟ್ ಕೂಡ ಹೋದರು.

ಥೇನ್ ಅವರಿಗೆ ಹೇಳಿಕೊಳ್ಳುವಂಥ ಗಾಯ ಆಗಿರಲಿಲ್ಲ. ಹೊರಗೆ ಬಂದವರು ಉಳಿದವರನ್ನು ದೂರ ಓಡಲು ಹೇಳಿ, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ವಾಪಸ್ ನುಗ್ಗಿದರು. ಎರಡು ಪೈಲಟ್‌ಗಳಲ್ಲಿ ಉಳಿದವರು ಅವರೊಬ್ಬರೇ. ಆಮೇಲೆ ನಡೆದದ್ದಕ್ಕೆಲ್ಲ ಉತ್ತರ ಕೊಡಬೇಕಾದವರೂ ಅವರೊಬ್ಬರೇ ಆದರು.

ಅವತ್ತೇ ರಾತ್ರಿ ಸಿಕ್ಕಿದ ಉತ್ತರ

ಜರ್ಮನಿಯ ಮುಖ್ಯ ತನಿಖಾಧಿಕಾರಿ ಸ್ಥಳಕ್ಕೆ ಬಂದದ್ದು ಅಪಘಾತವಾಗಿ ಸುಮಾರು ಆರು ಗಂಟೆ ಆದ ಮೇಲೆ. ಕತ್ತಲಾಗಿತ್ತು, ಹಿಮ ಬೀಳ್ತಾನೇ ಇತ್ತು. ರೆಕ್ಕೆ ಮೇಲಿನ ಹಿಮ ಸರಿಸಿ ನೋಡಿದಾಗ ಕೆಳಗೆ ಒರಟಾದ ಐಸಿನ ಪದರ ಸಿಕ್ಕಿತು. ರೆಕ್ಕೆ ಮೇಲೆ ಐಸ್ ಇದ್ದರೆ ವಿಮಾನಕ್ಕೆ ಸಾಕಷ್ಟು ಲಿಫ್ಟ್ ಸಿಗಲ್ಲ, ಇದು ಎಲ್ಲರಿಗೂ ಗೊತ್ತಿರುವ ವಿಷಯ. ಅಲ್ಲಿಗೆ ಕಾರಣ ಸಿಕ್ಕಿತು.

ಆ ಅಧಿಕಾರಿ ಸುಳ್ಳು ಹೇಳಿದರು ಅಂತ ನಾನು ಹೇಳ್ತಾ ಇಲ್ಲ. ಐಸ್ ಇದ್ದದ್ದು ನಿಜವೇ. ಆದರೆ ಅದು ಟೇಕಾಫ್ ಹೊತ್ತಿನಲ್ಲೇ ಇತ್ತಾ ಅನ್ನೋದು ಬೇರೆ ಪ್ರಶ್ನೆ. ಎಂಜಿನ್ ನಿಂತು, ಒದ್ದೆ ರೆಕ್ಕೆ ಹಿಮದಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೆ, ಕತ್ತಲಾಗಿ ಚಳಿ ಏರಿದ ಮೇಲೆ ನೀರು ಹೆಪ್ಪುಗಟ್ಟದೆ ಇನ್ನೇನು ಮಾಡುತ್ತೆ? ರಾತ್ರಿ ಕಂಡದ್ದನ್ನು ಹಗಲಿಗೆ ಅಂಟಿಸಿದ್ದು ಅಲ್ಲಾದ ಎಡವಟ್ಟು. ಲ್ಯಾಬಿನಲ್ಲಿ ರೀಡಿಂಗ್ ತಗೊಳ್ಳುವಾಗ ಸಮಯದ ಕಾಲಂ ಖಾಲಿ ಬಿಟ್ಟರೆ ನಮ್ಮ ಮೇಷ್ಟ್ರು ರೆಕಾರ್ಡ್ ಬುಕ್ಕನ್ನೇ ವಾಪಸ್ ಎಸೀತಾರೆ. ಇಲ್ಲಿ ಆ ಕಾಲಂ ಯಾರೂ ಕೇಳಲಿಲ್ಲ.

ಜೊತೆಗೆ ಒಂದು ಫೋಟೋ ಸಿಕ್ಕಿತು. ಟೇಕಾಫ್‌ಗೆ ಸ್ವಲ್ಪ ಮೊದಲು ತೆಗೆದ ಚಿತ್ರ, ಪತ್ರಿಕೆಗಳಲ್ಲೂ ಅಚ್ಚಾಯಿತು. ಅದರಲ್ಲಿ ರೆಕ್ಕೆಗಳ ಮೇಲ್ಭಾಗ ಬೆಳ್ಳಗೆ ಕಾಣ್ತಾ ಇತ್ತು. ಹಿಮ ಕಣ್ಣಿಗೇ ಕಾಣ್ತಾ ಇರುವಾಗ ಇನ್ಯಾವ ಸಾಕ್ಷಿ ಬೇಕು ಅಂತ ಜನಕ್ಕೆ ಅನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ಅಚ್ಚಾದ ಚಿತ್ರ ತಯಾರಾಗಿದ್ದು ನಕಲು ನೆಗೆಟಿವ್‌ನಿಂದ. ಮುಂದೆ ಮೂಲ ನೆಗೆಟಿವ್ ತರಿಸಿ ಪರೀಕ್ಷಿಸಿದಾಗ ಅಲ್ಲಿ ಹಿಮವೂ ಕಾಣಲಿಲ್ಲ, ಐಸೂ ಕಾಣಲಿಲ್ಲ. ಬೆಳ್ಳಗೆ ಕಂಡದ್ದು ರೆಕ್ಕೆ ಮೇಲೆ ಪ್ರತಿಫಲಿಸಿದ ಬೆಳಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ನಮ್ಮ ಅಜ್ಜಿಯರು ಹೇಳ್ತಾರಲ್ಲ, ಆ ಗಾದೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ಸಂಗತಿ ಇದೆ. ರೆಕ್ಕೆ ಸ್ವಚ್ಛವಾಗಿದೆಯಾ ಅಂತ ನೋಡೋದು ಕ್ಯಾಪ್ಟನ್ ಹೊಣೆ. ರನ್‌ವೇ ಸರಿಯಾಗಿದೆಯಾ ಅಂತ ನೋಡೋದು ವಿಮಾನ ನಿಲ್ದಾಣದ ಹೊಣೆ. ಅಂದರೆ ಐಸ್ ಕಾರಣ ಅಂತಾದರೆ ತಪ್ಪು ಥೇನ್ ಅವರದು, ರಾಡಿ ಕಾರಣ ಅಂತಾದರೆ ತಪ್ಪು ನಿಲ್ದಾಣದ್ದು. ತನಿಖೆ ನಡೆಸಿದ್ದು ನಿಲ್ದಾಣ ಇದ್ದ ದೇಶದ ಅಧಿಕಾರಿಗಳು. ರೆಕ್ಕೆ ಮೇಲೆ ಐಸ್ ಕಾಣಲಿಲ್ಲ ಅನ್ನುವ ಸಾಕ್ಷಿಗಳು ಇದ್ದರು, ಅವರನ್ನು ವಿಚಾರಣೆಗೆ ಕರೆಯಲಿಲ್ಲ. 1959ರಲ್ಲಿ ಜರ್ಮನ್ ವರದಿ ಹೊರಬಂತು. ಮುಖ್ಯ ಕಾರಣ ರೆಕ್ಕೆ ಮೇಲಿನ ಐಸ್.

ಲೆಕ್ಕ ಏನು ಹೇಳುತ್ತೆ

ಸರಿ, ಈಗ ಎಂಜಿನಿಯರ್‌ಗಳ ಹಾಗೆ ಯೋಚನೆ ಮಾಡೋಣ. ಥೇನ್ ಹೇಳಿದ್ದರಲ್ಲಿ ಮುಖ್ಯವಾದದ್ದು ಒಂದೇ: ವೇಗ 117ಕ್ಕೆ ಏರಿ, ಆಮೇಲೆ 105ಕ್ಕೆ ಇಳಿಯಿತು. ಆ ವಿಮಾನದಲ್ಲಿ ಇವತ್ತಿನ ಹಾಗೆ ಬ್ಲ್ಯಾಕ್ ಬಾಕ್ಸ್ ಇರಲಿಲ್ಲ. ಹಾಗಾಗಿ ಅವರ ಮಾತನ್ನು ನಂಬಬೇಕು, ಇಲ್ಲಾ ಬಿಡಬೇಕು.

ನಂಬಿದರೆ ಏನಾಗುತ್ತೆ ನೋಡಿ. ರೆಕ್ಕೆ ಮೇಲಿನ ಐಸ್ ಲಿಫ್ಟ್ ಕಡಿಮೆ ಮಾಡುತ್ತೆ, ವಿಮಾನ ನೆಲ ಬಿಡದಂತೆ ಮಾಡಬಹುದು. ಆದರೆ ಇನ್ನೂ ಚಕ್ರದ ಮೇಲೆ ಓಡ್ತಾ ಇರುವ ವಿಮಾನದ ವೇಗವನ್ನು ಇದ್ದಕ್ಕಿದ್ದಂತೆ 12 ನಾಟ್, ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ಇಳಿಸೋಕೆ ಬೇರೆ ಏನೋ ಹಿಂದಕ್ಕೆ ಎಳೆಯಬೇಕು. ಆ ಬೇರೆ ಏನೋ ಚಕ್ರದ ಕೆಳಗಿತ್ತು.

ಟೈರು ರಾಡಿಯೊಳಗೆ ನುಗ್ಗುವಾಗ ಅದನ್ನು ಮುಂದಕ್ಕೆ, ಪಕ್ಕಕ್ಕೆ ತಳ್ಳಬೇಕು. ಆ ಪ್ರತಿರೋಧ ನಮಗೆ ಗೊತ್ತಿರುವ ಡ್ರ್ಯಾಗ್ ಸೂತ್ರದ ಹಾಗೇ ಇರುತ್ತೆ: ಸಾಂದ್ರತೆ, ಮುಳುಗಿದ ಭಾಗದ ವಿಸ್ತೀರ್ಣ, ಮತ್ತು ವೇಗದ ವರ್ಗ. ಒಂದು ಅಂದಾಜು ಲೆಕ್ಕ ಮಾಡಿ ನೋಡಿದೆ. ಇದು ಆ ವಿಮಾನದ ನಿಖರ ಅಂಕಿ ಅಲ್ಲ, ಎಷ್ಟರ ಮಟ್ಟಿಗಿನ ಬಲ ಅಂತ ತಿಳಿಯೋಕೆ ಮಾತ್ರ. ರಾಡಿ ಒಂದು ಸೆಂಟಿಮೀಟರ್ ಆಳ, ಟೈರ್ ಅಗಲ 30 ಸೆಂಟಿಮೀಟರ್, ಸಾಂದ್ರತೆ ಘನಮೀಟರಿಗೆ 850 ಕೆ.ಜಿ., ಡ್ರ್ಯಾಗ್ ಗುಣಾಂಕ 0.75 ಅಂತ ಇಟ್ಟುಕೊಳ್ಳಿ. 117 ನಾಟ್ ಅಂದರೆ ಸೆಕೆಂಡಿಗೆ ಸುಮಾರು 60 ಮೀಟರ್. ಗುಣಿಸಿದರೆ ಒಂದು ಟೈರಿಗೆ ಸುಮಾರು 3,400 ನ್ಯೂಟನ್ ಬರುತ್ತೆ. ಹತ್ತಿರ ಹತ್ತಿರ 350 ಕೆ.ಜಿ. ತೂಕದಷ್ಟು ಬಲ, ಒಂದೊಂದು ಟೈರನ್ನೂ ಹಿಂದಕ್ಕೆ ಎಳೀತಾ ಇದೆ. ಚಕ್ರದಿಂದ ಚಿಮ್ಮಿದ ರಾಡಿ ವಿಮಾನದ ಮೈಗೆ ಬಡಿಯೋದು ಇದರ ಮೇಲೆ.

ಅದೇ ಲೆಕ್ಕವನ್ನು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಮಾಡಿದರೆ ಬಲ ಕಾಲು ಭಾಗ ಮಾತ್ರ. ಮೋಸ ಇರೋದೇ ಇಲ್ಲಿ. ಓಟದ ಶುರುವಿನಲ್ಲಿ ರಾಡಿ ಅಂಥ ತೊಂದರೆ ಕೊಡಲ್ಲ. ವೇಗ ಏರಿದಷ್ಟೂ ರಾಡಿಯ ಎಳೆತ ಏರುತ್ತೆ, ಪ್ರೊಪೆಲ್ಲರ್‌ನ ತಳ್ಳುಬಲ ಇಳಿಯುತ್ತೆ. ಎರಡೂ ಸಮ ಆದ ಕಡೆ ವೇಗವರ್ಧನೆ ಸೊನ್ನೆ. ಅಲ್ಲಿಂದ ಮುಂದೆ ರಾಡಿ ಇನ್ನೂ ಆಳ ಇದ್ದರೆ ವೇಗ ಇಳಿಯಲೇಬೇಕು. ಮೊದಲ ಎರಡು ಯತ್ನಗಳಲ್ಲಿ ವಿಮಾನ ಅರ್ಧದಲ್ಲೇ ನಿಂತಿದ್ದರಿಂದ ರನ್‌ವೇಯ ಕೊನೆಯ ಭಾಗಕ್ಕೆ ಹೋಗಿಯೇ ಇರಲಿಲ್ಲ. ಅಲ್ಲಿ ರಾಡಿ ಯಾವ ಚಕ್ರವೂ ತುಳಿಯದೆ ಹಾಗೇ ಬಿದ್ದಿತ್ತು. ಮೂರನೇ ಸಲ, ಅತಿ ಹೆಚ್ಚು ವೇಗದಲ್ಲಿ, ವಿ-ಒನ್ ದಾಟಿದ ಮೇಲೆ, ಅದರೊಳಗೆ ನುಗ್ಗಿದರು.

ಇದು ಈಗ ನಮಗೆ ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಯ ಹಾಗೆ ಕಾಣುತ್ತೆ. 1958ರಲ್ಲಿ ಮೂತಿ ಚಕ್ರದ ವಿಮಾನಗಳಿಗೆ ರಾಡಿ ಎಷ್ಟು ಅಪಾಯ ಅನ್ನೋದು ನಿಲ್ದಾಣಗಳಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಸೂತ್ರ ಇತ್ತು, ಅದನ್ನು ರನ್‌ವೇಗೆ ಹಚ್ಚಿ ನೋಡಿದವರು ಕಡಿಮೆ.

ಹನ್ನೊಂದು ವರ್ಷ

ಬಿ.ಇ.ಎ. ಥೇನ್ ಅವರನ್ನು ಕೆಲಸದಿಂದ ತೆಗೆದುಹಾಕಿತು. ರೆಕ್ಕೆಗಳನ್ನು ಸರಿಯಾಗಿ ಪರೀಕ್ಷಿಸಲಿಲ್ಲ ಅನ್ನೋದು ಒಂದು ಆರೋಪ. ನಿಯಮ ಮೀರಿ ರೇಮೆಂಟ್ ಅವರನ್ನು ಎಡಗಡೆ ಸೀಟಿನಲ್ಲಿ ಕೂರಿಸಿದರು ಅನ್ನೋದು ಇನ್ನೊಂದು. ಸೀಟು ಬದಲಾಯಿಸಿದ್ದು ನಿಜ. ಅದಕ್ಕೂ ವೇಗ ಇಳಿದದ್ದಕ್ಕೂ ಏನು ಸಂಬಂಧ ಅಂತ ನೀವೇ ಯೋಚಿಸಿ. ಒಮ್ಮೆ ಒಬ್ಬ ಮನುಷ್ಯ ತಪ್ಪಿತಸ್ಥ ಅಂತ ತೀರ್ಮಾನ ಆದರೆ ಅವನ ಸಣ್ಣಪುಟ್ಟ ಲೋಪಗಳೆಲ್ಲ ದೊಡ್ಡದಾಗಿ ಕಾಣೋಕೆ ಶುರುವಾಗುತ್ತವೆ.

ಅವರು ಬರ್ಕ್‌ಶೈರ್‌ನ ಕೋಳಿ ಫಾರಂಗೆ ವಾಪಸ್ ಹೋದರು. ಇಂಗ್ಲೆಂಡಿನ ಅಚ್ಚುಮೆಚ್ಚಿನ ತಂಡವನ್ನು ಕೊಂದ ಪೈಲಟ್ ಅನ್ನುವ ಹಣೆಪಟ್ಟಿ ಹೊತ್ತು ದಿನ ಕಳೆಯೋದು ಹೇಗಿತ್ತೋ ನಾವು ಊಹಿಸಬಹುದು ಅಷ್ಟೇ. ಸತ್ತವರಲ್ಲಿ ಅವರ ಸಹ ಪೈಲಟ್ ಕೂಡ ಇದ್ದರು ಅನ್ನೋದನ್ನು ಮರೀಬೇಡಿ. ಆದರೆ ಅವರು ಸುಮ್ಮನೆ ಕೂರಲಿಲ್ಲ. ಪೈಲಟ್‌ಗಳ ಸಂಘದ ಬೆಂಬಲ ಪಡೆದು ಹೋರಾಟ ಶುರು ಮಾಡಿದರು. ಅವರ ಹತ್ತಿರ ಇದ್ದ ಆಯುಧ ಅಂದರೆ ಆ ಮೂರು ಸಂಖ್ಯೆಗಳು: 117, 112, 105. ಐಸ್ ಕಾರಣ ಅಂದವರು ಈ ಸಂಖ್ಯೆಗಳಿಗೆ ಉತ್ತರ ಕೊಡಬೇಕಿತ್ತು.

ಅಷ್ಟರಲ್ಲಿ ಜಗತ್ತು ರಾಡಿಯನ್ನು ಅಳೆಯೋಕೆ ಶುರು ಮಾಡಿತ್ತು. ಅಮೆರಿಕದ ನಾಸಾದಲ್ಲಿ ವಿಮಾನದ ಟೈರುಗಳನ್ನು ರಾಡಿ ಮತ್ತು ನೀರಿನಲ್ಲಿ ಓಡಿಸಿ ಎಳೆತ ಎಷ್ಟು ಅಂತ ಅಳೆದರು. 1961ರಲ್ಲಿ ಅಲ್ಲಿನ ವಿಮಾನಯಾನ ಸಂಸ್ಥೆ ಅಟ್ಲಾಂಟಿಕ್ ಸಿಟಿಯಲ್ಲಿ ರನ್‌ವೇ ಮೇಲೆ ರಾಡಿ ಹರಡಿ, ಕಾನ್ವೇರ್ 880 ಜೆಟ್ ವಿಮಾನವನ್ನೇ ಅದರಲ್ಲಿ ಓಡಿಸಿತು. ಬ್ರಿಟನ್ನಿನಲ್ಲೂ ಪರೀಕ್ಷೆಗಳು ನಡೆದವು. ತೆಳ್ಳನೆಯ ರಾಡಿ ಕೂಡ ಟೇಕಾಫ್ ದೂರವನ್ನು ಅಪಾಯಕಾರಿಯಾಗಿ ಹೆಚ್ಚಿಸುತ್ತೆ ಅನ್ನೋದು ಅಂಕಿಗಳಲ್ಲಿ ಬಂತು. ಥೇನ್ ಹೇಳಿದ್ದು ಸಾಧ್ಯ ಅಂತ ತೋರಿಸೋಕೆ ಈಗ ಡೇಟಾ ಇತ್ತು.

1960ರ ದಶಕದ ಮಧ್ಯದಲ್ಲಿ ಜರ್ಮನಿಯಲ್ಲಿ ತನಿಖೆ ಮತ್ತೆ ತೆರೆಯಿತು. ರಾಡಿಯ ಪಾತ್ರವನ್ನು ಸ್ವಲ್ಪ ಒಪ್ಪಿಕೊಂಡರು, ಆದರೆ ಐಸ್ ಅನ್ನು ಬಿಡಲಿಲ್ಲ. ಮೊದಲ ವಾರ ಹಿಡಿದ ತೀರ್ಮಾನವನ್ನು ಏಳೆಂಟು ವರ್ಷಗಳ ಸಂಶೋಧನೆ ಕೂಡ ಪೂರ್ತಿ ಅಲುಗಾಡಿಸಲಿಲ್ಲ. ಕೊನೆಗೆ 1968ರಲ್ಲಿ ಬ್ರಿಟನ್ನಿನಲ್ಲಿ ನ್ಯಾಯವಾದಿ ಎಡ್ಗರ್ ಫೇ ಅವರ ನೇತೃತ್ವದಲ್ಲಿ ಹೊಸ ವಿಚಾರಣೆ ನಡೆಯಿತು. ಅದೇ ವರ್ಷ ಮೇ ತಿಂಗಳಲ್ಲಿ, ಮ್ಯೂನಿಕ್‌ನಲ್ಲಿ ಬದುಕುಳಿದ ಮ್ಯಾಟ್ ಬಸ್ಬಿ ಮ್ಯಾನೇಜರ್ ಆಗಿ, ಅಲ್ಲೇ ಬದುಕುಳಿದ ಬಾಬಿ ಚಾರ್ಲ್‌ಟನ್ ನಾಯಕನಾಗಿ, ಯುನೈಟೆಡ್ ವೆಂಬ್ಲಿಯಲ್ಲಿ ಬೆನ್‌ಫಿಕಾವನ್ನು 4-1ರಲ್ಲಿ ಸೋಲಿಸಿ ಯುರೋಪಿಯನ್ ಕಪ್ ಎತ್ತಿತು. ಇಡೀ ಇಂಗ್ಲೆಂಡ್ ಕಣ್ಣೀರು ಹಾಕಿ ಸಂಭ್ರಮಿಸಿತು. ಥೇನ್ ಆಗಲೂ ತಮ್ಮ ಹೆಸರಿನ ಮೇಲಿನ ಕಲೆ ತೊಳೆದುಕೊಳ್ಳೋಕೆ ಓಡಾಡುತ್ತಿದ್ದರು.

1969ರಲ್ಲಿ ವರದಿ ಬಂತು. ಅಪಘಾತಕ್ಕೆ ಕಾರಣ ರನ್‌ವೇ ಮೇಲಿನ ರಾಡಿ. ಇದರ ಹೊಣೆ ಕ್ಯಾಪ್ಟನ್ ಥೇನ್ ಮೇಲೆ ಹೊರಿಸುವಂತಿಲ್ಲ. ನನಗೆ ಇಷ್ಟವಾದದ್ದು ಆ ವರದಿಯ ಇನ್ನೊಂದು ಮಾತು. ರೆಕ್ಕೆ ಮೇಲಿನ ಐಸ್ ಕೂಡ ಪಾತ್ರ ವಹಿಸಿರಬಹುದಾ ಅನ್ನುವ ಪ್ರಶ್ನೆಗೆ ಅವರು ಖಡಾಖಂಡಿತ ಇಲ್ಲ ಅನ್ನಲಿಲ್ಲ. ಸಾಧ್ಯತೆ ಇದೆ, ಆದರೆ ಕಡಿಮೆ, ಖಚಿತವಾಗಿ ಹೇಳಲಾಗದು ಅನ್ನುವ ಅರ್ಥದಲ್ಲಿ ಬರೆದರು. ಹನ್ನೊಂದು ವರ್ಷ ತಡವಾಗಿ ಒಬ್ಬನನ್ನು ನಿರ್ದೋಷಿ ಅನ್ನುವಾಗ ಕೂಡ, ಗೊತ್ತಿರುವುದು ಎಷ್ಟೋ ಅಷ್ಟೇ ಹೇಳಿದರು. ಆರು ಗಂಟೆಯಲ್ಲಿ ಕಾರಣ ಹಿಡಿದವರಿಗೆ ಈ ತಾಳ್ಮೆ ಇದ್ದಿದ್ದರೆ?

ಬಿ.ಇ.ಎ. ಅವರನ್ನು ಮತ್ತೆ ಎಂದೂ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಕೋಳಿ ಫಾರಂನಲ್ಲೇ ಉಳಿದ ಥೇನ್, 1975ರ ಆಗಸ್ಟ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರ ವಯಸ್ಸು 54. ಹೆಸರು ತೊಳೆದುಕೊಂಡು ಬದುಕಿದ್ದು ಆರು ವರ್ಷ.

ನಮಗೆ ಇದರಿಂದ ಏನು

ಥೇನ್ ಒಬ್ಬ ಸಂತ ಅಂತ ಮಾಡೋಕೆ ನಾನು ಹೊರಟಿಲ್ಲ. ಎರಡು ಸಲ ನಿಂತ ವಿಮಾನವನ್ನು ಮೂರನೇ ಸಲ ಓಡಿಸಬೇಕಿತ್ತಾ, ರೆಕ್ಕೆಯನ್ನು ಹತ್ತಿರ ಹೋಗಿ ಕೈಯಿಂದ ಮುಟ್ಟಿ ನೋಡಬೇಕಿತ್ತಾ ಅಂತ ಕೇಳೋದು ತಪ್ಪಲ್ಲ. ಅವರ ಪರವಾಗಿ ಆತುರದ ತೀರ್ಪು ಕೊಟ್ಟರೆ ಅದೂ ಆತುರದ ತೀರ್ಪೇ. ಆದರೆ ಹೀಗ್ಯಾಕೆ ಮಾಡಿದರು ಅನ್ನುವ ಪ್ರಶ್ನೆ ಬೇರೆ, ವಿಮಾನ ಯಾಕೆ ಬಿತ್ತು ಅನ್ನುವ ಪ್ರಶ್ನೆ ಬೇರೆ. ಎರಡನ್ನೂ ಕಲಸಿದರೆ ಎರಡಕ್ಕೂ ಸರಿಯಾದ ಉತ್ತರ ಸಿಗಲ್ಲ.

ಒಬ್ಬ ಮನುಷ್ಯನ ಬದುಕು ಹಾಳಾಯ್ತು ಅನ್ನೋದು ಈ ಕಥೆಯ ಅರ್ಧ ಭಾಗ. ಇನ್ನರ್ಧ ಭಾಗ ನಮ್ಮಂಥವರಿಗೆ ಹೆಚ್ಚು ಮುಖ್ಯ. ಪೈಲಟ್ ರೆಕ್ಕೆ ನೋಡಲಿಲ್ಲ ಅಂತ ಫೈಲ್ ಮುಚ್ಚಿದರೆ ಮುಂದಿನ ಪೈಲಟ್‌ಗೆ ಕೊಡುವ ಎಚ್ಚರಿಕೆ ರೆಕ್ಕೆ ನೋಡು ಅನ್ನೋದು ಮಾತ್ರ. ಅವನು ರೆಕ್ಕೆ ಫಳಫಳ ಹೊಳೆಯುವ ಹಾಗೆ ಒರೆಸಿಕೊಂಡು, ಅದೇ ರಾಡಿಯೊಳಗೆ ನುಗ್ಗುತ್ತಾನೆ. ತಪ್ಪು ಕಾರಣ ಹಿಡಿದಷ್ಟು ದಿನ ನಿಜವಾದ ಅಪಾಯ ರನ್‌ವೇ ಮೇಲೆ ಹಾಗೇ ಬಿದ್ದಿರುತ್ತೆ. ಇವತ್ತು ಬಹಳಷ್ಟು ವಿಮಾನಗಳಿಗೆ ರಾಡಿ ಅಥವಾ ನಿಂತ ನೀರು ಸುಮಾರು ಅರ್ಧ ಇಂಚಿಗಿಂತ ಹೆಚ್ಚು ಇದ್ದರೆ ಟೇಕಾಫ್ ಮಾಡುವಂತಿಲ್ಲ. 2021ರ ನವೆಂಬರ್‌ನಿಂದ ರನ್‌ವೇ ಸ್ಥಿತಿಯನ್ನು 0ಯಿಂದ 6ರವರೆಗಿನ ಸಂಖ್ಯೆಯಲ್ಲಿ ಹೇಳುವ ಅಂತರರಾಷ್ಟ್ರೀಯ ಪದ್ಧತಿ ಜಾರಿಯಲ್ಲಿದೆ. ಮಳೆಗಾಲದಲ್ಲಿ ಮಂಗಳೂರಿಗೋ ಬೆಂಗಳೂರಿಗೋ ಹಾರುವಾಗ ನಮ್ಮ ಪೈಲಟ್‌ಗೂ ರನ್‌ವೇಯಲ್ಲಿ ಎಷ್ಟು ನೀರಿದೆ ಅಂತ ತಿಳಿಸುವ ವ್ಯವಸ್ಥೆ ಇದೆ. ರಾಡಿಯ ಪ್ರಶ್ನೆ ಬಿಡದೆ ಕೇಳಿದವರು ಇದ್ದದ್ದಕ್ಕೆ ನಾವು ಇಲ್ಲಿಗೆ ಬಂದಿದ್ದೇವೆ.

ವಿಮಾನ ಅಪಘಾತದ ತನಿಖೆಗೆ ಇವತ್ತು ಒಂದು ಅಂತರರಾಷ್ಟ್ರೀಯ ನಿಯಮ ಇದೆ, ಹೆಸರು ಅನೆಕ್ಸ್ 13. ಮುಂದೆ ಇಂಥದ್ದು ಆಗದಂತೆ ತಡೆಯೋದಷ್ಟೇ ತನಿಖೆಯ ಉದ್ದೇಶ, ತಪ್ಪು ಯಾರದು ಅಂತ ಹಂಚೋದಲ್ಲ ಅಂತ ಅದು ಹೇಳುತ್ತೆ. ಒಂದು ತಿಂಗಳಲ್ಲಿ ಬರೋದು ಪ್ರಾಥಮಿಕ ವರದಿ. ಏನೇನು ಕಂಡಿತು ಅಂತ ಅದರಲ್ಲಿ ಇರುತ್ತೆ, ಯಾಕೆ ಆಯಿತು ಅನ್ನೋದು ಸಾಮಾನ್ಯವಾಗಿ ಇರಲ್ಲ. ಅಹಮದಾಬಾದಿನ ಪ್ರಾಥಮಿಕ ವರದಿ 2025ರ ಜುಲೈನಲ್ಲಿ ಬಂದಾಗ ಇಂಧನ ಸ್ವಿಚ್‌ಗಳ ಬಗ್ಗೆ ಒಂದು ಸಂಗತಿ ದಾಖಲಾಗಿತ್ತು. ಯಾರ ತಪ್ಪು ಅಂತ ಅದರಲ್ಲಿ ತೀರ್ಪು ಇರಲಿಲ್ಲ. ನಮ್ಮ ಗ್ರೂಪಿನಲ್ಲಿ ಮಾತ್ರ ಕಾಲು ಗಂಟೆಯಲ್ಲಿ ತೀರ್ಪು ಬಂತು. ತೀರಿಹೋದ ಪೈಲಟ್‌ಗಳು ಥೇನ್ ಹಾಗೆ ಎದ್ದು ಬಂದು ತಮ್ಮ 117, 112, 105 ಹೇಳೋಕೆ ಆಗಲ್ಲ ಅನ್ನೋದು ಅವತ್ತು ಯಾರಿಗೂ ಹೊಳೆಯಲಿಲ್ಲ.

ನಮ್ಮಲ್ಲಿ ಕೆಲವರು ನಾಳೆ ಎಚ್.ಎ.ಎಲ್.ಗೋ, ಯಾವುದೋ ಎಂಜಿನ್ ಕಂಪನಿಗೋ ಹೋಗ್ತೀವಿ. ಒಂದು ಬೇರಿಂಗ್ ಮುರಿದರೂ, ಒಂದು ಸೇತುವೆ ಕುಸಿದರೂ ಅದೇ ದಿನ ಕಾರಣ ಬೇಕು ಅಂತ ಮೇಲಿನವರು ಕೇಳ್ತಾರೆ. ಎದುರಿಗೆ ಒಬ್ಬ ಆಪರೇಟರ್ ಇದ್ದರೆ ಅವನ ಹೆಸರು ಬರೆದು ಕೈತೊಳೆದುಕೊಳ್ಳೋದು ಸುಲಭ. ಆಗ ಕೇಳಿಕೊಳ್ಳೋಕೆ ಮೂರು ಪ್ರಶ್ನೆ ಈ ಕಥೆಯಲ್ಲೇ ಇವೆ. ಈ ಸಾಕ್ಷಿ ಯಾವ ಹೊತ್ತಿನದು? ನಾನು ನೋಡ್ತಾ ಇರೋದು ಮೂಲವೋ ನಕಲೋ? ನನ್ನ ಕಾರಣ ಎಲ್ಲ ರೀಡಿಂಗ್‌ಗಳಿಗೂ ಉತ್ತರ ಕೊಡುತ್ತಾ, ಇಲ್ಲಾ ನನಗೆ ಬೇಕಾದ ಒಂದಕ್ಕೆ ಮಾತ್ರವಾ?

ಮ್ಯೂನಿಕ್‌ನಲ್ಲಿ ವಿಮಾನ ಬಿದ್ದ ಜಾಗಕ್ಕೆ ಈಗ ಮ್ಯಾಂಚೆಸ್ಟರ್ ಪ್ಲಾಟ್ಸ್ ಅಂತ ಹೆಸರಿದೆ. ಪ್ರತಿ ಫೆಬ್ರವರಿ 6ಕ್ಕೆ ಅಭಿಮಾನಿಗಳು ಆಟಗಾರರನ್ನು ನೆನೆಯುತ್ತಾರೆ, ನೆನೆಯಲೇಬೇಕು. ಈ ಸಲ ಆ ದಿನ ಬಂದಾಗ, ಬರ್ಕ್‌ಶೈರ್‌ನ ಕೋಳಿ ಫಾರಂನಲ್ಲಿ ಮೂರು ಸಂಖ್ಯೆಗಳನ್ನು ಹನ್ನೊಂದು ವರ್ಷ ಬಿಡದೆ ಹಿಡಿದು ಕೂತಿದ್ದ ಆ ಮನುಷ್ಯನನ್ನೂ ಒಂದು ಕ್ಷಣ ನೆನಪಿಸಿಕೊಳ್ಳಿ.